ಜರ್ಮನಿಗೆ ಕಡಿಮೆ ದುಡ್ಡಿನಲ್ಲಿ ಓದಲು ಹೋಗಿ ಪಾರ್ಟ್‌ಟೈಮ್ ಕೆಲಸ ಹಿಡಿಯುವುದು: ನನ್ನ ಅನುಭವ

ಬ್ಲಾಕ್ಡ್ ಅಕೌಂಟಿನಲ್ಲಿ (ವೀಸಾಕ್ಕಾಗಿ ಒಂದು ವರ್ಷದ ಖರ್ಚಿನ ಹಣ ಮೊದಲೇ ಇಟ್ಟು, ತಿಂಗಳಿಗಿಷ್ಟೆಂದು ಮಾತ್ರ ತೆಗೆಯಬಹುದಾದ ಖಾತೆ) 11,904 ಯೂರೊ ಇಟ್ಟಿದ್ದೇವೆ, ಇಳಿದ ಕೂಡಲೇ ತಿಂಗಳಿಗೆ 992 ಕೈಗೆ ಬರುತ್ತದೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಆ ಹಣ ಬಿಡುಗಡೆಯಾಗಲು ಅಲ್ಲಿ ಬಳಸುವಂಥ ಬ್ಯಾಂಕ್ ಖಾತೆ ಬೇಕು. ಬಹಳ ಕಡೆ ವಿಳಾಸ ನೋಂದಣಿಯ ಪತ್ರವನ್ನೂ ಕೇಳುತ್ತಾರೆ. ನೋಂದಣಿಗೆ ಮೊದಲು ಮನೆ ಬೇಕು. ಕೆಲಸ ಸಿಕ್ಕರೂ ಸಂಬಳ ತಿಂಗಳ ಕೊನೆಗೆ, ಕೆಲವೆಡೆ ಮುಂದಿನ ತಿಂಗಳ ಮಧ್ಯಕ್ಕೆ. ಅದಕ್ಕೇ ನಾನು ಬಜೆಟ್ ಹಾಕಿದ್ದು ಮೊದಲ ಎಂಟು ವಾರಕ್ಕೆ: ಎರಡು ತಿಂಗಳ ಬಾಡಿಗೆ, ಡೆಪಾಸಿಟ್, ಆರೋಗ್ಯ ವಿಮೆ (ತಿಂಗಳಿಗೆ ಸುಮಾರು 150 ಯೂರೊ), ಊಟ, ಓಡಾಟ. ಇಷ್ಟನ್ನೂ ಬ್ಲಾಕ್ಡ್ ಅಕೌಂಟಿನ ಹೊರಗೆ ಕೈಯಲ್ಲೇ ಇಟ್ಟುಕೊಂಡಿರಬೇಕು.

ಕೋಣೆ ಹುಡುಕುವಾಗ ಬಾಡಿಗೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಆನ್‌ಮೆಲ್ಡುಂಗ್ (ವಿಳಾಸ ನೋಂದಣಿ) ಮಾಡಿಸಬಹುದಾ? ನೀವು ಅಲ್ಲಿ ವಾಸಕ್ಕೆ ಬಂದಿದ್ದೀರಿ ಎಂದು ದೃಢೀಕರಿಸುವ ‘ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್’ ಎಂಬ ಪತ್ರಕ್ಕೆ ಮನೆ ಮಾಲೀಕರು ಸಹಿ ಹಾಕದಿದ್ದರೆ ನೋಂದಣಿ ಆಗದು. ಅಗ್ಗದ ಕೋಣೆಗಳು ಎಷ್ಟೋ ಸಲ ಅಗ್ಗವಾಗಿರುವುದೇ ಈ ಕಾರಣಕ್ಕೆ. ನೋಂದಣಿಗೆ ಅವಕಾಶವಿಲ್ಲದ ಜಾಗದಲ್ಲಿ ಉಳಿಸಿದ 80 ಯೂರೊ ಮುಂದಿನ ಎಲ್ಲ ಕಾಗದವನ್ನೂ ತಡೆದು ನಿಲ್ಲಿಸುತ್ತದೆ. ಸೀಟು ಖಚಿತವಾದ ದಿನವೇ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಿಬಿಡಿ, ಸರದಿ ಉದ್ದ. ಅಲ್ಲಿಯವರೆಗೆ ಹಂಚಿಕೊಂಡಿರುವ ಮನೆಯಲ್ಲಿ ಒಂದು ಕೋಣೆ, ಇಲ್ಲವೇ ಸೆಮಿಸ್ಟರ್ ರಜೆಗೆ ಊರಿಗೆ ಹೋದವರ ಕೋಣೆ ಸಾಕು. ಡೆಪಾಸಿಟ್ ಹೆಚ್ಚೆಂದರೆ ಮೂರು ತಿಂಗಳ ಬಾಡಿಗೆ, ಅದೂ ಹೀಟಿಂಗ್ ಮುಂತಾದ ಖರ್ಚು ಸೇರಿಸದ ಬಾಡಿಗೆ. ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಕಾನೂನಿನಲ್ಲೇ ಇದೆ. ಯಾರೂ ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು. “ನಾನು ಬೇರೆ ದೇಶದಲ್ಲಿದ್ದೇನೆ, ಹಣ ಹಾಕಿ, ಕೀಲಿ ಕೊರಿಯರ್ ಮಾಡುತ್ತೇನೆ” ಎನ್ನುವವರಿಗೆ ಉತ್ತರವನ್ನೇ ಕೊಡಬೇಡಿ.

ಮನೆಗೆ ಹೋದ ಎರಡು ವಾರದೊಳಗೆ ನೋಂದಣಿಯಾಗಬೇಕೆಂಬುದು ನಿಯಮ. ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಅದರ ವೆಬ್‌ಸೈಟಿನ ಅಪಾಯಿಂಟ್‌ಮೆಂಟ್ ಪುಟವನ್ನು ಮತ್ತೆ ಮತ್ತೆ ತೆರೆದು ನೋಡಿದರೆ ಯಾರೋ ರದ್ದು ಮಾಡಿದ ಜಾಗ ಸಿಗುತ್ತದೆ. ಬರ್ಲಿನ್‌ನಲ್ಲಾದರೆ ನಗರದ ಯಾವ ಬ್ಯುರ್ಗರ್‌ಆಮ್ಟ್‌ನಲ್ಲಿ (ನಾಗರಿಕ ಸೇವಾ ಕಚೇರಿ) ಬೇಕಾದರೂ ಮಾಡಿಸಬಹುದು, ದೂರದ ಬಡಾವಣೆಯಲ್ಲಿ ಬೇಗ ಸಿಗುತ್ತದೆ.

ನೋಂದಣಿಯಾದ ಎರಡು-ಮೂರು ವಾರಕ್ಕೆ 11 ಅಂಕಿಯ ಟ್ಯಾಕ್ಸ್ ಐಡಿ ಅಂಚೆಯಲ್ಲಿ ಬರುತ್ತದೆ. ಇಲ್ಲೊಂದು ಚಿಕ್ಕ ಕೆಲಸವಿದೆ: ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಇರಲೇಬೇಕು. ಫ್ಲ್ಯಾಟ್ ನಂಬರ್ ನೋಡಿ ಕಾಗದ ಹಾಕುವ ಪದ್ಧತಿ ಅಲ್ಲಿಲ್ಲ. ಹೆಸರು ಕಾಣದಿದ್ದರೆ ಕಾಗದ ವಾಪಸ್. ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಬರೆದು, ಮೇಲೆ ಟೇಪ್ ಅಂಟಿಸಿ. ಬ್ಯಾಂಕ್ ಕಾರ್ಡೂ ಇದೇ ದಾರಿಯಲ್ಲಿ ಬರುವುದು. ಟ್ಯಾಕ್ಸ್ ಐಡಿ ಕೊಡದಿದ್ದರೆ ಸಂಬಳದಿಂದ ಆರನೇ ವರ್ಗದ ತೆರಿಗೆ ಹಿಡಿಯುತ್ತಾರೆ, ಅದು ಎಲ್ಲಕ್ಕಿಂತ ಜಾಸ್ತಿ. ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ, ಆದರೆ ದುಡ್ಡು ಬೇಕಿರುವುದು ಈಗ.

ಕೆಲಸದ ಅರ್ಜಿಗೆ ಒಂದೇ ಪುಟದ ರೆಸ್ಯೂಮೆ ಸಾಕು. ಓದಿದ್ದು, ಅಂಕ ಎಲ್ಲ ಕೆಳಗೆ ಹೋಗಲಿ. ಮೇಲ್ಗಡೆ ಯಾವ ದಿನ, ಎಷ್ಟು ಗಂಟೆ, ಯಾವತ್ತಿನಿಂದ ಬರಬಲ್ಲಿರಿ, ಕೆಲಸಕ್ಕೆ ಅನುಮತಿ ಇದೆಯೇ ಎಂಬ ನಾಲ್ಕು ಸಾಲು ಜರ್ಮನ್‌ನಲ್ಲಿ ಇರಲಿ. ಗೋದಾಮು, ಪಾತ್ರೆ ತೊಳೆಯುವುದು, ಕ್ಲೀನಿಂಗ್, ಇವಕ್ಕೆ ಹೆಚ್ಚು ಭಾಷೆ ಬೇಕಿಲ್ಲ. ಬೇಕರಿ ಕೌಂಟರಿಗೆ ಬೇಕೇಬೇಕು. ಊಟ-ತಿಂಡಿ ಮುಟ್ಟುವ ಕೆಲಸವಾದರೆ ಶುಚಿತ್ವದ ನಿಯಮ ತಿಳಿದುಕೊಂಡಿದ್ದಕ್ಕೆ ಆರೋಗ್ಯ ಇಲಾಖೆ ಕೊಡುವ ತಿಳಿವಳಿಕೆ ಪತ್ರ ಮೊದಲೇ ಬೇಕು. ಕೆಲಸ ಶುರುವಾಗುವ ದಿನಕ್ಕೆ ಅದು ಮೂರು ತಿಂಗಳಿಗಿಂತ ಹಳೆಯದಾಗಿರಬಾರದು. ಇದು ಕೈಯಲ್ಲಿದ್ದವರನ್ನು ಅಡುಗೆಮನೆಗಳು ಬೇಗ ಕರೆಯುತ್ತವೆ. ನವೆಂಬರ್-ಡಿಸೆಂಬರ್‌ನಲ್ಲಿ ಗೋದಾಮುಗಳಿಗೂ ಕ್ರಿಸ್‌ಮಸ್ ಮಾರುಕಟ್ಟೆಗಳಿಗೂ ಜನ ಬೇಕು. ಫ್ರಾಂಕ್‌ಫರ್ಟ್, ಹ್ಯಾನೋವರ್‌ನಂಥ ಊರುಗಳಲ್ಲಿ ವಸ್ತುಪ್ರದರ್ಶನದ ದಿನಗಳಲ್ಲೂ ಅಷ್ಟೇ.

2026ರಲ್ಲಿ ಕನಿಷ್ಠ ಕೂಲಿ ಗಂಟೆಗೆ 13.90 ಯೂರೊ, ಮಿನಿಜಾಬ್‌ನ (ಸಂಪಾದನೆಗೆ ಮಿತಿಯಿರುವ ಚಿಕ್ಕ ಪಾರ್ಟ್‌ಟೈಮ್ ಕೆಲಸ) ಮಿತಿ ತಿಂಗಳಿಗೆ 603. ಅಂದರೆ ಹತ್ತಿರಹತ್ತಿರ 43 ಗಂಟೆ. ಅದರಲ್ಲಿ ಪಿಂಚಣಿಗೆ 3.6 ಶೇಕಡಾ ಹಿಡಿಯುತ್ತಾರೆ. ಬೇಡವೆಂದು ಮಾಲೀಕರಿಗೆ ಬರೆದುಕೊಟ್ಟರೆ ಸುಮಾರು 22 ಯೂರೊ ಉಳಿಯುತ್ತದೆ. ಅಲ್ಪಾವಧಿ ಇದ್ದು ಬರುವವರಿಗೆ ನಾನಂತೂ ಅದನ್ನೇ ಹೇಳುತ್ತೇನೆ.

ವಿದ್ಯಾರ್ಥಿ ವೀಸಾದಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ನಾಲ್ಕು ಗಂಟೆಯವರೆಗೆ ಅರ್ಧ ದಿನ, ಐದಾದರೆ ಪೂರ್ತಿ ದಿನ. ಹಾಗಾಗಿ ಐದು ಗಂಟೆಯ ಪಾಳಿ ನಷ್ಟದ ಬಾಬತ್ತು: ನಾಲ್ಕಕ್ಕೆ ಇಳಿಸಿ, ಇಲ್ಲವೇ ಎಂಟಕ್ಕೆ ಏರಿಸಿ. ವಿಶ್ವವಿದ್ಯಾಲಯದಲ್ಲೇ ಸಹಾಯಕರಾಗಿ ದುಡಿದ ದಿನ ಈ ಲೆಕ್ಕಕ್ಕೆ ಬರುವುದಿಲ್ಲ. ಇನ್ನು ಡೆಲಿವರಿ ಕೆಲಸದಲ್ಲಿ ಕಾಗದ ನೋಡದೆ ಒಪ್ಪಬೇಡಿ. ಸಂಬಳದ ನೌಕರನೆಂದು ಒಪ್ಪಂದವಿದ್ದರೆ ಸರಿ. ಬಿಲ್ ಬರೆದು ಹಣ ಪಡೆಯಿರಿ ಎಂದರೆ ಅದು ಸ್ವಂತ ಉದ್ಯೋಗ. ಅದಕ್ಕೆ ವಲಸೆ ಕಚೇರಿಯ ಬೇರೆ ಅನುಮತಿ ಬೇಕು, ಇಲ್ಲದೆ ಮಾಡಿದರೆ ವೀಸಾ ನವೀಕರಣದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.