ಆರು ತಿಂಗಳು ಮನೆಗೆ ಬೀಗ ಹಾಕುವ ಮುನ್ನ: ನಲ್ಲಿ, ಟ್ಯಾಂಕು, ಸಂಪಿನ ಕೆಲಸಗಳು

ಯುಗಾದಿ ಮುಗಿಸಿಕೊಂಡು ಮಕ್ಕಳ ಮನೆಗೆಂದು ವಿದೇಶಕ್ಕೆ ಹೊರಟು ದಸರೆ ಹೊತ್ತಿಗೆ ವಾಪಸು ಬರುವವರು ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ, ವಿಜಯನಗರದಂಥ ಬಡಾವಣೆಗಳಲ್ಲಿ ಬಹಳ ಮಂದಿ ಇದ್ದಾರೆ. ಗ್ಯಾಸ್ ಬಂದ್ ಮಾಡಿ, ಫ್ರಿಜ್ ಖಾಲಿ ಮಾಡಿ, ಹಾಲು–ಪೇಪರ್ ನಿಲ್ಲಿಸಿ ಬೀಗ ಹಾಕುತ್ತಾರೆ. ನೀರಿನ ವಿಷಯ ಬಂದಾಗ ಮಾತ್ರ ‘ನಲ್ಲಿ ಎಲ್ಲ ನಿಲ್ಲಿಸಿದ್ದೀವಲ್ಲ’ ಎಂದು ಸುಮ್ಮನಾಗುತ್ತಾರೆ. ನಲ್ಲಿ ನಿಲ್ಲಿಸಿದರೂ ಪೈಪಿನೊಳಗಿನ ಒತ್ತಡ ಹಾಗೇ ಇರುತ್ತದೆ. ಎರಡಂತಸ್ತಿನ ಮನೆಯಲ್ಲಿ ಟ್ಯಾಂಕು ನೆಲಮಹಡಿಯ ನಲ್ಲಿಗಿಂತ ಸುಮಾರು 7 ಮೀಟರ್ ಮೇಲಿದ್ದರೆ ಚದರ ಸೆಂಟಿಮೀಟರಿಗೆ 0.7 ಕೆ.ಜಿ.ಯಷ್ಟು ಒತ್ತಡ ಹಗಲೂ ರಾತ್ರಿ ಪ್ರತಿ ವಾಷರ್, ಪ್ರತಿ ಹೋಸ್ ಪೈಪಿನ ಮೇಲೆ ಕೂತಿರುತ್ತದೆ.

ಚಳಿ ದೇಶಗಳಲ್ಲಿ ಹೀಟರ್ ಆರಿಸಿ ಮನೆ ಬಿಡುವವರು ಪೈಪುಗಳನ್ನು ಪೂರ್ತಿ ಬರಿದು ಮಾಡುತ್ತಾರೆ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇ 9ರಷ್ಟು ಹಿಗ್ಗಿ ಪೈಪ್ ಸೀಳುತ್ತದೆ. ನಮ್ಮ ಡಿಸೆಂಬರ್ ಚಳಿಗೆ ಆ ಭಯವಿಲ್ಲ. ನಮಗೆ ತೊಂದರೆ ಕೊಡುವುದು ಹಳೇ ರಬ್ಬರ್, ಏಪ್ರಿಲ್ ಬಿಸಿಲು, ಸೊಳ್ಳೆ ಮತ್ತು ಕೈಕೊಡುವ ಬಾಲ್ ಕಾಕ್ (ನೀರು ತುಂಬಿದಾಗ ತಾನೇ ಮುಚ್ಚಿಕೊಳ್ಳುವ ತೇಲುಗುಂಡಿನ ನಲ್ಲಿ). ಹಾಗಾಗಿ ಇಲ್ಲಿನ ಕೆಲಸದ ಕ್ರಮವೂ ಬೇರೆ.

ವಾರ ಮೊದಲೇ: ವಾಲ್ವ್ ಪರೀಕ್ಷೆ

ಟ್ಯಾಂಕಿನಿಂದ ಮನೆಗೆ ಇಳಿಯುವ ಲೈನಿನ ವಾಲ್ವ್ ನಿಜವಾಗಿ ನಿಲ್ಲುತ್ತದೆಯೇ ಎಂದು ನೋಡುವುದು ಎಲ್ಲಕ್ಕಿಂತ ಮುಖ್ಯ. ವರ್ಷಗಟ್ಟಲೆ ಯಾರೂ ಮುಟ್ಟದ ಹಿತ್ತಾಳೆ ಗೇಟ್ ವಾಲ್ವ್‌ನ ಸ್ಪಿಂಡಲ್ (ಚಕ್ರ ಕೂತಿರುವ ಕಡ್ಡಿ) ಸುತ್ತ ಹಸಿರು ಕಿಲುಬು ಕಟ್ಟಿರುತ್ತದೆ. ಬೋರ್‌ವೆಲ್ ನೀರಿನ ಮನೆಯಾದರೆ ಗೇಟ್ ಕೂರುವ ಜಾಗದಲ್ಲಿ ಬಿಳಿ ಸುಣ್ಣದ ಪದರ ಗಟ್ಟಿಯಾಗಿ, ಚಕ್ರ ಪೂರ್ತಿ ತಿರುಗಿದಂತೆ ಕಂಡರೂ ನೀರು ಜಿನುಗುತ್ತಲೇ ಇರುತ್ತದೆ. ವಾಲ್ವ್ ನಿಲ್ಲಿಸಿ, ಮೇಲಿನ ಮಹಡಿಯ ಒಂದು ನಲ್ಲಿ ಮತ್ತು ಹಿತ್ತಲಿನ ನಲ್ಲಿ ಎರಡನ್ನೂ ಬಿಡಿ. ಮೇಲಿನದು ಗಾಳಿ ಎಳೆದುಕೊಳ್ಳುತ್ತದೆ, ಕೆಳಗಿನದು ಪೈಪ್ ಖಾಲಿ ಮಾಡುತ್ತದೆ. ನೀರು ನಿಂತ ಮೇಲೆ ಹಿತ್ತಲ ನಲ್ಲಿಯ ಕೆಳಗೆ ಒಂದು ಲೋಟ ಇಟ್ಟು ಅರ್ಧ ಗಂಟೆ ಬಿಟ್ಟು ನೋಡಿ. ಲೋಟದಲ್ಲಿ ನೀರಿದ್ದರೆ ವಾಲ್ವ್ ಹೋಗಿದೆ. ಬಲ ಹಾಕಿ ಬಿಗಿಯಬೇಡಿ, ಸ್ಪಿಂಡಲ್ ಮುರಿಯುತ್ತದೆ. ಪ್ಲಂಬರ್ ಕರೆಸಿ ಅದೇ ಅಳತೆಯ ಬಾಲ್ ವಾಲ್ವ್ (ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಮುಚ್ಚುವಂಥದ್ದು) ಹಾಕಿಸಿ. ಈ ಕೆಲಸ ಹೊರಡುವ ಹಿಂದಿನ ದಿನಕ್ಕೆ ಉಳಿಸಿಕೊಂಡರೆ ಹೊಸ ಜಾಯಿಂಟ್ ಸೋರುತ್ತದೆಯೇ ಎಂದು ನೋಡಲು ಸಮಯವೇ ಇರುವುದಿಲ್ಲ.

ಹೊರಡುವ ದಿನ

ಬೀದಿ ಲೈನಿನಿಂದ ಶುರು ಮಾಡಿ. ಮೀಟರ್ ಆದ ಮೇಲೆ ಇರುವ ವಾಲ್ವ್ ನಿಲ್ಲಿಸಿ. ನೀರು ಬಿಡುವ ಹೊತ್ತಿನಲ್ಲಿ ಮೀಟರ್ ನೋಡಿ: ಅದರೊಳಗಿನ ಪುಟ್ಟ ಚಕ್ರ ಇನ್ನೂ ತಿರುಗುತ್ತಿದ್ದರೆ ಒಂದೋ ವಾಲ್ವ್ ನಿಂತಿಲ್ಲ, ಇಲ್ಲವೇ ಮೀಟರಿಗೂ ವಾಲ್ವ್‌ಗೂ ನಡುವೆ ಸೋರಿಕೆ ಇದೆ. ರೀಡಿಂಗಿನ ಫೋಟೊ ತೆಗೆದಿಟ್ಟುಕೊಳ್ಳಿ. ಸಂಪಿನ ಬಾಲ್ ಕಾಕ್ ನಂಬಿ ಈ ವಾಲ್ವ್ ಬಿಟ್ಟು ಹೋಗಬೇಡಿ. ಅದರ ವಾಷರ್‌ಗೆ ಒಂದು ಮರಳಿನ ಕಣ ಸಿಕ್ಕಿದರೂ ಸಾಕು, ನೀರು ಬಿಟ್ಟಾಗಲೆಲ್ಲ ಸಂಪು ತುಂಬಿ ಅಂಗಳಕ್ಕೆ ಹರಿಯುತ್ತದೆ.

ಸಂಪನ್ನು ಪೂರ್ತಿ ಖಾಲಿ ಮಾಡಬೇಡಿ, ಅರ್ಧ ನೀರಿರಲಿ. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ಊರುಗಳಲ್ಲಿ, ತಗ್ಗಿನ ಬಡಾವಣೆಗಳಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಮಹತ್ವ. ನಾಲೆಗೆ ನೀರು ಬಿಟ್ಟಾಗ, ಮಳೆ ಹಿಡಿದಾಗ ನೆಲದಡಿಯ ನೀರು ಮೇಲೇರಿ ಖಾಲಿ ಸಂಪಿನ ತಳವನ್ನು ಕೆಳಗಿನಿಂದ ಒತ್ತುತ್ತದೆ. ಗಾರೆ ಬಿರುಕು ಬಿಡುವುದು ಹೀಗೆ. ಒಳಗಿನ ನೀರಿನ ಭಾರವೇ ಅದನ್ನು ತಡೆಯಬೇಕು.

ಮೋಟಾರ್, ಪ್ರೆಷರ್ ಪಂಪ್, ಗೀಸರ್ ಮೂರರ ಎಂಸಿಬಿಯನ್ನೂ (ಕರೆಂಟ್ ಬೋರ್ಡಿನ ಟ್ರಿಪ್ ಸ್ವಿಚ್) ಇಳಿಸಿ. ಆಟೊಮ್ಯಾಟಿಕ್ ಕಂಟ್ರೋಲರ್ ಇದೆಯೆಂದು ಮೋಟಾರಿಗೆ ಕರೆಂಟ್ ಬಿಟ್ಟು ಹೋದರೆ, ಸೆನ್ಸರ್ ಕೆಟ್ಟ ದಿನ ಅದು ನೀರಿಲ್ಲದೆ ಓಡಿ ಸುಟ್ಟುಹೋಗುತ್ತದೆ.

ಈಗ ಟ್ಯಾಂಕಿನ ವಾಲ್ವ್ ನಿಲ್ಲಿಸಿ ಪೈಪುಗಳನ್ನು ಖಾಲಿ ಮಾಡಿ. ಹಿತ್ತಲ ನಲ್ಲಿಯನ್ನು ತೆರೆದೇ ಬಿಡಿ. ಮುಂದೆ ವಾಲ್ವ್ ಸ್ವಲ್ಪ ಜಿನುಗಿದರೂ ನೀರು ಹೊರಗೇ ಹೋಗುತ್ತದೆ. ಆಮೇಲೆ ಬಚ್ಚಲುಮನೆಗೆ ಬಂದು ಪ್ರತಿ ಆ್ಯಂಗಲ್ ಕಾಕ್ (ಗೋಡೆಯಲ್ಲಿರುವ ಪುಟ್ಟ ವಾಲ್ವ್) ನಿಲ್ಲಿಸಿ. ಹೆಲ್ತ್ ಫಾಸೆಟ್‌ದಂತೂ (ಕಮೋಡಿನ ಪಕ್ಕದ ಕೈಪಿಚಕಾರಿ) ಮರೆಯಬಾರದು. ಬೇರೆ ನಲ್ಲಿಗಳಲ್ಲಿ ನೀರನ್ನು ತಡೆಯುವ ವಾಷರ್ ಗಟ್ಟಿ ಮೈಯೊಳಗೆ ಇರುತ್ತದೆ. ಹೆಲ್ತ್ ಫಾಸೆಟ್‌ನಲ್ಲಿ ತಡೆ ಇರುವುದು ಕೈಹಿಡಿಯ ತುದಿಯಲ್ಲಿ, ಆದ್ದರಿಂದ ಒಂದು ಮೀಟರ್ ಉದ್ದದ ತೆಳು ಟ್ಯೂಬು ಪೂರ್ತಿ ಒತ್ತಡ ಹೊರುತ್ತದೆ. ಹೊರಗಿನ ಸ್ಟೀಲ್ ಸುರುಳಿ ಫಳಫಳ ಹೊಳೆಯುತ್ತಿದ್ದರೂ ಒಳಗಿನ ಟ್ಯೂಬು ಗಡುಸಾಗಿ ನಟ್ಟಿನ ಹತ್ತಿರ ಸೀಳುತ್ತದೆ. ಬೀಗ ಹಾಕಿದ ಮನೆಯಲ್ಲಿ ಹಾಗಾದರೆ 1,000 ಲೀಟರಿನ ಟ್ಯಾಂಕು ಬೆಳಗಾಗುವುದರೊಳಗೆ ಬರಿದಾಗುತ್ತದೆ. ವಾಷಿಂಗ್ ಮೆಷಿನ್ನಿನ ನಲ್ಲಿ ನಿಲ್ಲಿಸಿ, ಪೈಪ್ ಕಳಚಿ, ಬಾಗಿಲು ತೆರೆದಿಡಿ.

ಸೋಲಾರ್: ಎಲ್ಲರೂ ತಪ್ಪುವ ಜಾಗ

ತಣ್ಣೀರಿನ ವಾಲ್ವ್ ನಿಲ್ಲಿಸಿದವರು ಬಿಸಿನೀರಿನ ಲೈನ್ ಮರೆಯುತ್ತಾರೆ. ಸೋಲಾರ್ ಟ್ಯಾಂಕಿನಲ್ಲಿ ಇನ್ನೂ 200 ಲೀಟರ್ ಇರುತ್ತದೆ, ಅದು ಖಾಲಿಯಾದಂತೆ ಓವರ್‌ಹೆಡ್ ಟ್ಯಾಂಕಿನ ನೀರು ಬಂದು ತುಂಬುತ್ತದೆ. ಮಿಕ್ಸರ್ ನಲ್ಲಿಗಳ ಮೂಲಕ ಆ ನೀರು ತಣ್ಣೀರಿನ ಪೈಪಿಗೂ ದಾಟಬಹುದು. ಆದ್ದರಿಂದ ಸೋಲಾರಿನಿಂದ ಮನೆಗೆ ಇಳಿಯುವ ಬಿಸಿನೀರಿನ ವಾಲ್ವ್ ನಿಲ್ಲಿಸಲೇಬೇಕು. ಸೋಲಾರಿಗೆ ಹೋಗುವ ತಣ್ಣೀರಿನ ಲೈನ್ ಸಾಮಾನ್ಯವಾಗಿ ಬೇರೆಯೇ ಇರುತ್ತದೆ, ಅದನ್ನು ತೆರೆದಿಡಿ. ಓವರ್‌ಹೆಡ್ ಟ್ಯಾಂಕಿನಲ್ಲಿ ಅರ್ಧದಷ್ಟು ನೀರು ಉಳಿಸಬೇಕಾದದ್ದು ಇದಕ್ಕೇ. ಮೇಲಕ್ಕೆ ನಿಂತಿರುವ ಏರ್ ವೆಂಟ್ ಪೈಪಿಗೆ ಏನನ್ನೂ ಮುಚ್ಚಬೇಡಿ, ಆವಿ ಹೋಗಲು ಅದೊಂದೇ ದಾರಿ.

ಗಾಜಿನ ಟ್ಯೂಬುಗಳನ್ನು ದಪ್ಪ ಟಾರ್ಪಾಲಿನಿಂದ ಮುಚ್ಚಿ, ನೈಲಾನ್ ಹಗ್ಗದಿಂದ ಸ್ಟ್ಯಾಂಡಿಗೆ ಬಿಗಿಯಿರಿ. ಆಷಾಢದ ಗಾಳಿಗೆ ಸಡಿಲ ಗಂಟು ನಿಲ್ಲುವುದಿಲ್ಲ. ಮುಚ್ಚದಿದ್ದರೆ ಬಳಕೆಯಿಲ್ಲದ ನೀರು ದಿನವೂ ಕುದಿದು ಆವಿಯಾಗುತ್ತದೆ. ಒಣಗಿದ ಟ್ಯೂಬಿನ ಒಳಗೆ ಬಿಸಿಲಲ್ಲಿ 200 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು.

ಸೊಳ್ಳೆ, ವಾಸನೆ, ಜಿರಳೆ

ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಎಂಟು–ಹತ್ತು ದಿನ ಸಾಕು. ಸಂಪು ಮತ್ತು ಟ್ಯಾಂಕಿನ ಮುಚ್ಚಳ ಸಂದಿಲ್ಲದಂತೆ ಕೂರಲಿ. ಓವರ್‌ಫ್ಲೋ ಪೈಪಿನ ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಎರಡು ಪದರ ಕಟ್ಟಿ. ಕಮೋಡಿನ ಫ್ಲಶ್ ಟ್ಯಾಂಕ್ ಖಾಲಿ ಮಾಡಿ, ಮುಚ್ಚಳ ಹಾಕಿ ಸುತ್ತ ಟೇಪ್ ಅಂಟಿಸಿ.

ಬಚ್ಚಲಿನ ಜಾಲರಿ ಕೆಳಗಿನ ನಹಾನಿ ಟ್ರ್ಯಾಪ್‌ನಲ್ಲಿ ಸಾಮಾನ್ಯವಾಗಿ 50 ಮಿ.ಮೀ.ನಷ್ಟು ನೀರು ನಿಂತು ಚರಂಡಿ ಗಾಳಿಯನ್ನು ತಡೆಯುತ್ತದೆ. ಬೇಸಿಗೆಯಲ್ಲಿ ಕೆಲವೇ ವಾರದಲ್ಲಿ ಅದು ಆರಿಹೋಗಿ ವಾಸನೆಯೂ ಜಿರಳೆಯೂ ನೇರ ಒಳಗೆ ಬರುತ್ತವೆ. ಪ್ರತಿ ಟ್ರ್ಯಾಪಿಗೆ ಎರಡು ಚೊಂಬು ನೀರು ಹುಯ್ದು, ಮೇಲೆ 50 ಮಿ.ಲೀ. ಲಿಕ್ವಿಡ್ ಪ್ಯಾರಾಫಿನ್ ಬಿಡಿ. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಎಣ್ಣೆಯ ಪದರ ನೀರು ಆರದಂತೆ ನೋಡಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ. ಬೀಗದ ಕೈ ಇಟ್ಟುಕೊಂಡ ನೆರೆಯವರಿಗೆ ತಿಂಗಳಿಗೊಮ್ಮೆ ಒಂದು ಚೊಂಬು ನೀರು ಹುಯ್ಯಲು ಹೇಳಿ, ಯಾವ ವಾಲ್ವ್ ಯಾವುದಕ್ಕೆ ಎಂದು ಬಣ್ಣದಲ್ಲಿ ಬರೆದು ತೋರಿಸಿ ಹೋಗಿ. ಮಳೆಗಾಲದಲ್ಲಿ ತಾರಸಿಯ ನೀರು ಹೋಗುವ ಬಾಯಿಗೆ ಎಲೆ ಕಟ್ಟಿಕೊಳ್ಳದಂತೆಯೂ ಅವರೇ ನೋಡಬೇಕಾಗುತ್ತದೆ.

ವಾಪಸು ಬಂದಾಗ

ಪ್ರಯಾಣದ ದಣಿವಿನಲ್ಲಿ ಎಲ್ಲ ಸ್ವಿಚ್ ಒಟ್ಟಿಗೆ ಹಾಕಬೇಡಿ. ಮೊದಲ ದಿನ ಕುಡಿಯಲು ಕ್ಯಾನ್ ನೀರು ತರಿಸಿ. ಹಳೇ ನೀರು ಚೆಲ್ಲಿ ಟ್ಯಾಂಕು, ಸಂಪು ತೊಳೆಸಿ. ತೊಳೆದ ಟ್ಯಾಂಕಿಗೆ ಹೊಸ ನೀರು ತುಂಬಿ, 1,000 ಲೀಟರಿಗೆ 150 ಗ್ರಾಂ ಬ್ಲೀಚಿಂಗ್ ಪುಡಿಯನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ಕದಡಿ, ತಿಳಿಯನ್ನಷ್ಟೇ ಬೆರೆಸಿ ರಾತ್ರಿ ಬಿಟ್ಟು ಬೆಳಿಗ್ಗೆ ಪೂರ್ತಿ ಖಾಲಿ ಮಾಡಿ. ಆಗ ಸೋಲಾರಿನ ಲೈನ್ ನಿಲ್ಲಿಸಿರಲಿ. ಬ್ಲೀಚಿಂಗ್ ಜೊತೆ ಆ್ಯಸಿಡ್ ಎಂದೂ ಬಳಸಬಾರದು, ವಿಷಗಾಳಿ ಹುಟ್ಟುತ್ತದೆ.

ಮೊನೊಬ್ಲಾಕ್ ಮೋಟಾರ್ (ಪಂಪೂ ಮೋಟಾರೂ ಒಂದಾಗಿರುವುದು) ಆದರೆ ಎಂಸಿಬಿ ಇಳಿದಿರುವಾಗಲೇ ಹಿಂಬದಿಯ ಫ್ಯಾನ್ ಕಡೆಯಿಂದ ಶಾಫ್ಟನ್ನು ಸ್ಕ್ರೂಡ್ರೈವರಿನಲ್ಲಿ ಎರಡು ಸುತ್ತು ತಿರುಗಿಸಿ, ನೀರು ತುಂಬಿ ಪ್ರೈಮ್ ಮಾಡಿ ಆಮೇಲೆ ಚಾಲೂ ಮಾಡಿ. ‘ಗುಂಯ್’ ಎಂದು ನಿಂತರೆ ತಕ್ಷಣ ಆರಿಸಿ. ಸೆಕೆಂಡುಗಳ ಲೆಕ್ಕದಲ್ಲಿ ವೈಂಡಿಂಗ್ ಹೋಗುತ್ತದೆ. ಗೀಸರ್ ಹಾಕುವ ಮೊದಲು ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಸಿಡಿಯುವುದು ನಿಂತು ನೀರು ಒಂದೇ ಸಮ ಬರಲಿ, ಇಲ್ಲದಿದ್ದರೆ ಎಲಿಮೆಂಟ್ ಒಣಗಿದಂತೆ ಸುಡುತ್ತದೆ. ಆರ್‌ಒ ಫಿಲ್ಟರಿನ ಕ್ಯಾಂಡಲ್‌ಗಳನ್ನು ಬದಲಿಸಿ, ಮೊದಲ ಎರಡು ಟ್ಯಾಂಕ್ ನೀರು ಚೆಲ್ಲಿ.

ಸೋಲಾರ್ ಲೈನನ್ನು ಬಿಸಿಲೇರುವ ಮೊದಲು, ಟಾರ್ಪಾಲ್ ಹಾಗೇ ಇರುವಾಗ ಬಿಡಿ. ಕಾದ ಒಣ ಗಾಜಿಗೆ ತಣ್ಣೀರು ತಾಗಿದರೆ ಟ್ಯೂಬು ಅಲ್ಲೇ ಒಡೆಯುತ್ತದೆ. ನಲ್ಲಿಯಲ್ಲಿ ನೀರು ತುಂಬಿ ಬಂದ ಮೇಲೆ ಟಾರ್ಪಾಲ್ ತೆಗೆದರಾಯಿತು.