ಬೈ ಟು ಸಂಸಾರದ ಅಡುಗೆಮನೆ

ಹತ್ತು ಜನಕ್ಕೆ ಅಡುಗೆ ಮಾಡುವುದು ಸುಲಭ. ಇಬ್ಬರಿಗೆ ಮಾಡುವುದೇ ಕಷ್ಟ. ನಮ್ಮ ತಂಗಿ ಮಗಳಿಗೆ ಮದುವೆಯಾಗಿ ನಾಲ್ಕು ತಿಂಗಳು. "ದೊಡ್ಡಮ್ಮ, ಮೂರು ದಿನದಿಂದ ಅದೇ ಹುಳಿ ತಿಂತಿದೀವಿ, ಏನ್ ಮಾಡ್ಲಿ?" ಅಂತ ಮೊನ್ನೆ ಫೋನ್ ಮಾಡಿದ್ದಳು. ನನಗೂ ಹಾಗೇ ಆಗಿತ್ತು, ಅದೂ ಅರವತ್ತು ದಾಟಿದ ಮೇಲೆ. ಚಾಮರಾಜಪೇಟೆಯ ಮನೆಯಲ್ಲಿ ಅತ್ತೆ, ಮಾವ, ಮೈದುನರು, ಮಕ್ಕಳು ಅಂತ ದಿನಕ್ಕೆ ಸೇರು ಅಕ್ಕಿ ಬೇಯಿಸಿದ ಕೈ ಇದು. ಮಕ್ಕಳು ಅವರವರ ದಾರಿ ಹಿಡಿದ ಮೇಲೆ ನಾವಿಬ್ಬರೇ ಹನುಮಂತನಗರದ ಸಣ್ಣ ಮನೆಗೆ ಬಂದೆವು. ಕೈ ಮಾತ್ರ ಹಳೇ ಅಳತೆ ಬಿಡಲಿಲ್ಲ. ಫ್ರಿಜ್ ತುಂಬ ಡಬ್ಬಿಗಳು. ನಮ್ಮನೆಯವರು ಬಾಗಿಲು ತೆಗೆದು ನೋಡಿ, "ಇದೇನೇ, ಛತ್ರದ ಉಗ್ರಾಣ ಇದ್ದಂಗಿದೆ" ಅಂದರು.

ಆಮೇಲೆ ನಾನೊಂದು ಲೆಕ್ಕ ಇಟ್ಟುಕೊಂಡೆ. ಅರ್ಧ ಅಳತೆಯಲ್ಲಿ ಮಾಡಿದರೂ ರುಚಿ ಕೆಡದ ಅಡುಗೆ ಮನೆಯಲ್ಲಿ. ಅರ್ಧ ಮಾಡಿದರೆ ಕೆಡುವಂಥದ್ದು, ಇಬ್ಬರಿಗೋಸ್ಕರ ಮಾಡಿದರೆ ದಂಡವಾಗುವಂಥದ್ದು ಹೋಟೆಲಿನಲ್ಲಿ. ಅದೂ ಬೈ ಟು.

ಮೊದಲು ಬದಲಾಯಿಸಬೇಕಾದ್ದು ಪಾತ್ರೆ. ನನಗೆ ಇದು ಗೊತ್ತಾಗಿದ್ದು ಕಾಫಿಯಿಂದ. ಹಳೇ ಮನೆಯ ದೊಡ್ಡ ಫಿಲ್ಟರಿಗೆ ಎರಡು ಚಮಚ ಪುಡಿ ಹಾಕಿದರೆ, ಆ ತೆಳು ಪದರದಲ್ಲಿ ನೀರು ಸರ್ರನೆ ಇಳಿದುಹೋಗುತ್ತದೆ. ಡಿಕಾಕ್ಷನ್ ಅಲ್ಲ, ಪಾತ್ರೆ ತೊಳೆದ ನೀರು. ಒಂದು ತಿಂಗಳು ಪುಡಿ ಅಂಗಡಿಯವನನ್ನು ಸುಮ್ನೆ ಬೈದುಕೊಂಡೆ. ಇಬ್ಬರಿಗೆ ಅಂತ ಸಣ್ಣ ಫಿಲ್ಟರ್ ತಂದುಕೊಳ್ಳಿ. ಮೇಲಿನ ಪಾತ್ರೆ ಅರ್ಧದ ತನಕ ಪುಡಿ ಇರಬೇಕು. ಒತ್ತಿ ತುಂಬಬೇಡಿ, ತಟ್ಟಿ ಮಟ್ಟ ಮಾಡಿದರೆ ಸಾಕು. ಕುದಿದ ನೀರನ್ನು ಅರ್ಧ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು, ಆಮೇಲೆ ಉಳಿದಿದ್ದು. ಪುಡಿ ಒಂದೇ ಸಲ ಒಂದು ಕೇಜಿ ತರಬೇಡಿ. ಕಾಲು ಕೇಜಿ ತನ್ನಿ, ಮುಗಿದ ಮೇಲೆ ಮತ್ತೆ ಹೋಗಿ. ಗಾಂಧಿ ಬಜಾರಿಗೆ ಹೋಗೋಕೆ ಒಂದು ನೆಪ ಬೇಡವಾ?

ಕುಕ್ಕರೂ ಹಾಗೇ, ಮೂರು ಲೀಟರಿನದು ಸಾಕು.

ಇನ್ನು ಆ ಮೂರು ದಿನದ ಹುಳಿ. ಹುಳಿ ಮಾಡಿ ಇಡಬೇಡಿ, ಬೇಳೆ ಬೇಯಿಸಿ ಇಡಿ. ತೊಗರಿಬೇಳೆಯನ್ನು ಅರಿಶಿನ, ಒಂದು ತೊಟ್ಟು ಎಣ್ಣೆ ಹಾಕಿ ಎರಡು ದಿನಕ್ಕಾಗುವಷ್ಟು ಬೇಯಿಸಿ. ಉಪ್ಪು, ಹುಣಸೆಹಣ್ಣು ಸೇರಿಸಬೇಡಿ. ಹುಣಸೆಹಣ್ಣು ಮೊದಲೇ ಬಿದ್ದರೆ ಬೇಳೆ ಬೇಯುವುದಕ್ಕೆ ಹಟ ಮಾಡುತ್ತದೆ. ಅರ್ಧದಲ್ಲಿ ಇವತ್ತು ಹುಳಿ. ಇನ್ನರ್ಧ ಫ್ರಿಜ್ಜಿನಲ್ಲಿದ್ದರೆ ನಾಳೆ ಅದೇ ಸಾರಾಗುತ್ತದೆ, ಇಲ್ಲ ತೊವ್ವೆಯಾಗುತ್ತದೆ. ಒಗ್ಗರಣೆ ಮಾತ್ರ ದಿನಾ ಹೊಸದು. ಇಂಗು ಎಣ್ಣೆಗೆ ಬಿದ್ದ ವಾಸನೆ ಬಂದರೆ ನಮ್ಮನೆಯವರು ಪೇಪರ್ ಮಡಿಚಿಟ್ಟು ತಟ್ಟೆ ಹಾಕುತ್ತಾರೆ. ನಿನ್ನೆಯ ಬೇಳೆ ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಸಾರಿನ ಪುಡಿಯನ್ನೂ ತಿಂಗಳಿಗೆ ಆಗುವಷ್ಟೇ ಮಾಡಿ. ಒಂದು ಲೋಟ ಧನಿಯಾಗೆ ಮೂವತ್ತು ಬ್ಯಾಡಗಿ ಮೆಣಸಿನಕಾಯಿ, ಕಾಲು ಲೋಟ ಜೀರಿಗೆ, ಎರಡು ಚಮಚ ಮೆಣಸು, ಒಂದೊಂದು ಚಮಚ ಮೆಂತ್ಯ, ಸಾಸಿವೆ, ಒಂದು ಹಿಡಿ ಕರಿಬೇವು. ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ. ಮೆಂತ್ಯ ಕೆಂಪಾದ ಕೂಡಲೇ ತೆಗೆಯಿರಿ, ಕಪ್ಪಾದರೆ ಇಡೀ ಪುಡಿ ಕಹಿ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಮ್ಮಿ. ಖಾರ ಬೇಕೆನ್ನುವವರು ನಾಲ್ಕು ಗುಂಟೂರು ಸೇರಿಸಿಕೊಳ್ಳಲಿ.

ರವೆ ಇಡ್ಲಿಯೂ ಇಬ್ಬರ ಮನೆಗೆ ಹೇಳಿ ಮಾಡಿಸಿದ್ದು. ನೆನೆಸೋದಿಲ್ಲ, ರುಬ್ಬೋದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಇದನ್ನು ಕಂಡುಹಿಡಿದೆವು ಅಂತ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹೋಟೆಲಿನವರು ಹೇಳುತ್ತಾರೆ. ಒಂದು ಲೋಟ ಮಧ್ಯಮ ರವೆಯನ್ನು ತುಪ್ಪದಲ್ಲಿ ಹುರಿದು, ಆರಿದ ಮೇಲೆ ಒಂದು ಲೋಟ ಹುಳಿ ಮೊಸರಲ್ಲಿ ಇಪ್ಪತ್ತು ನಿಮಿಷ ಬಿಡಿ. ಗಟ್ಟಿಯಾದರೆ ಸ್ವಲ್ಪ ನೀರು. ಸೋಡಾ ಹಾಕುವುದು ಕೊನೆಗೆ, ನೀರು ಕುದಿದು ತಟ್ಟೆ ಇಡುವ ಹೊತ್ತಿಗೆ. ಸೋಡಾ ಹಾಕಿ ಫೋನ್ ಎತ್ತಿಕೊಂಡರೆ ಇಡ್ಲಿ ಕಲ್ಲಾಗುತ್ತದೆ.

ದೋಸೆ ವಿಷಯ ಹಾಗಲ್ಲ. ಅರ್ಧ ಪಾವು ಉದ್ದಿನಬೇಳೆ ಗ್ರೈಂಡರಿಗೆ ಹಾಕಿದರೆ ಗೋಡೆಗೆ ಅಂಟಿಕೊಂಡು ಕೂರುತ್ತದೆ, ಉಬ್ಬುವುದಿಲ್ಲ. ಮಿಕ್ಸಿಯಲ್ಲಿ ಬಿಸಿಯಾಗುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಫ್ರಿಜ್ಜಿನ ತಣ್ಣೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ನಾನು ವಾರಕ್ಕೊಮ್ಮೆ ಗ್ರೈಂಡರಿನಲ್ಲೇ ರುಬ್ಬುತ್ತೇನೆ. ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ, ಬಣ್ಣಕ್ಕೆ ಎರಡು ಚಮಚ ಕಡಲೆಬೇಳೆ. ಉಬ್ಬಿದ ಮೇಲೆ ಆ ಹೊತ್ತಿಗೆ ಬೇಕಾದಷ್ಟನ್ನು ತೆಗೆದು, ಉಳಿದದ್ದನ್ನು ಕಲಕದೆ ಫ್ರಿಜ್ಜಿಗೆ. ಎರಡು ದಿನ ದೋಸೆ, ಹುಳಿ ಬಂದ ಮೇಲೆ ಈರುಳ್ಳಿ ಹಸಿಮೆಣಸಿನಕಾಯಿ ಹಾಕಿ ಪಡ್ಡು. ಡಿಸೆಂಬರಿನಲ್ಲಿ ಬೆಂಗಳೂರಿನ ಚಳಿಗೆ ಹಿಟ್ಟು ಏಳುವುದೇ ಇಲ್ಲ. ಉಗುರುಬೆಚ್ಚಗಿನ ನೀರಿರುವ ದೊಡ್ಡ ಪಾತ್ರೆಯಲ್ಲಿ ಹಿಟ್ಟಿನ ಪಾತ್ರೆ ಇಟ್ಟು ಮುಚ್ಚಿಡಿ.

ಒಂದು ಸಲ ನಮ್ಮನೆಯವರಿಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲಿನ ದೋಸೆಯನ್ನು ಮನೆಯಲ್ಲೇ ಮಾಡಿಸುವ ಹುಚ್ಚು ಹಿಡಿಯಿತು. ಹೊಸ ನಾನ್‌ಸ್ಟಿಕ್ ಕಾವಲಿ ಬಂತು. ಡಾಲ್ಡಾ ಸೈಜಿನ ಬೆಣ್ಣೆ ಡಬ್ಬ ಬಂತು. ಆರು ದೋಸೆ ಹುಯ್ದೆ. ಬಿಳಿಚಿಕೊಂಡ ಆರು ದೋಸೆ. ಆರನೆಯದನ್ನು ಕೆಂಪಗೆ ಮಾಡಲೇಬೇಕು ಅಂತ ಉರಿ ಜೋರು ಮಾಡಿದೆ, ಕಾವಲಿಯಿಂದ ಕೆಟ್ಟ ವಾಸನೆ ಬಂತು, ಕಿಟಕಿ ತೆಗೆದು ಇಬ್ಬರೂ ವರಾಂಡಕ್ಕೆ ಹೋದೆವು. ನಾನ್‌ಸ್ಟಿಕ್ಕನ್ನು ಖಾಲಿ ಇಟ್ಟು ಅಷ್ಟು ಕಾಯಿಸಲೇಬಾರದು, ಮೇಲಿನ ಲೇಪ ಹಾಳಾಗಿ ಹೊಗೆ ಬರುತ್ತದೆ. ಹೋಟೆಲಿನದು ದಪ್ಪ ಕಬ್ಬಿಣದ ಹಾಸು. ಬೆಳಗಿನ ಜಾವದಿಂದ ಕಾದಿರುತ್ತದೆ, ಹತ್ತು ದೋಸೆ ಹಿಟ್ಟು ಬಿದ್ದರೂ ತಣ್ಣಗಾಗುವುದಿಲ್ಲ. ನಮ್ಮ ತೆಳು ಕಾವಲಿ ಒಂದು ಸೌಟು ಹಿಟ್ಟಿಗೇ ತಣ್ಣಗಾಗಿಬಿಡುತ್ತದೆ.

ಆಮೇಲೆ ದಪ್ಪ ಕಬ್ಬಿಣದ ಕಾವಲಿ ತಂದೆ. ಹೊಸತರಲ್ಲಿ ಒಂದು ದಿನ ಗಂಜಿನೀರಲ್ಲಿ ಬಿಟ್ಟು, ತೊಳೆದು, ಎಣ್ಣೆ ಸವರಿ, ಮೂರು ನಾಲ್ಕು ದಿನ ಅದರಲ್ಲಿ ಬರೀ ಈರುಳ್ಳಿ ಹುರಿದೆ. ದೋಸೆ ಹಾಕುವ ಮುಂಚೆ ನೀರು ಚಿಮುಕಿಸಿ ನೋಡಿ. ಹನಿ ಚುಯ್ ಎಂದು ಆವಿಯಾದರೆ ಕಾದಿದೆ. ಹನಿ ಮಣಿಯ ಹಾಗೆ ಉರುಳಾಡಿದರೆ ಜಾಸ್ತಿ ಕಾದಿದೆ. ಆಗ ಇನ್ನಷ್ಟು ನೀರು ಚಿಮುಕಿಸಿ, ಅರ್ಧ ಈರುಳ್ಳಿಯಿಂದ ಉಜ್ಜಿ, ಹಿಟ್ಟು ಹುಯ್ಯಿರಿ. ಇಲ್ಲದಿದ್ದರೆ ಹಿಟ್ಟು ಸೌಟಿನ ಜೊತೆಗೇ ಎದ್ದು ಬರುತ್ತದೆ. ಈಗ ನನ್ನ ದೋಸೆ ಚೆನ್ನಾಗಿಯೇ ಆಗುತ್ತದೆ. ಆದರೂ ಅದು ಮನೆ ದೋಸೆ.

ಹೋಟೆಲಿನ ದೋಸೆ ಬೇಕಾದಾಗ ಗಾಂಧಿ ಬಜಾರಿಗೇ ನಡೆಯುತ್ತೇವೆ. 1943ರಿಂದ ಇರುವ ಹೋಟೆಲು. ಶುಕ್ರವಾರ ರಜ, ಇದನ್ನು ಮರೆತು ಎರಡು ಸಲ ಬಾಗಿಲು ನೋಡಿಕೊಂಡು ಬಂದಿದ್ದೇವೆ. ಭಾನುವಾರ ಹೋಗಿ ಕ್ಯೂ ನಿಲ್ಲುವ ವಯಸ್ಸು ನಮ್ಮದಲ್ಲ, ವಾರದ ನಡುವೆ ಬೆಳಿಗ್ಗೆ ಹೋಗುತ್ತೇವೆ. ಪಂಚೆಯುಟ್ಟ ಸಪ್ಲೈಯರ್ ತೋಳಿನುದ್ದಕ್ಕೂ ದೋಸೆ ತಟ್ಟೆ ಪೇರಿಸಿಕೊಂಡು ಬರುವುದನ್ನು ನೋಡುವುದೇ ಅರ್ಧ ತಿಂಡಿ. ಇಬ್ಬರಿಗೆ ಎರಡು ಒಟ್ಟಿಗೆ ಹೇಳಬೇಡಿ. ಒಂದು ಹೇಳಿ ಹಂಚಿಕೊಳ್ಳಿ, ಆಮೇಲೆ ಇನ್ನೊಂದು. ಕಾಯಬೇಕಾಗುತ್ತದೆ, ಕಾಯಿರಿ. ನಮ್ಮನೆಯವರಿಗೆ ಸಕ್ಕರೆ ಕಾಯಿಲೆ. ಹಂಚಿಕೊಂಡು ತಿಂದರೆ ಎಷ್ಟು ಒಳಗೆ ಹೋಯಿತು ಅಂತ ನನ್ನ ಲೆಕ್ಕಕ್ಕೂ ಸಿಗುತ್ತದೆ. "ಒಂದು ತುಂಡು ಜಾಸ್ತಿ ತಗೊಂಡ್ರಿ ರೀ" ಅಂದರೆ, "ಅದು ನಿನ್ನ ಕಡೆಯಿಂದ ಜಾರಿ ಬಂತು" ಅನ್ನುತ್ತಾರೆ.

ಬಜ್ಜಿ, ಬೋಂಡವೂ ಹೊರಗೇ. ನಾಲ್ಕು ಬಜ್ಜಿಗೆ ಬಾಣಲೆ ತುಂಬ ಎಣ್ಣೆ ಕಾಯಿಸಿ, ಆಮೇಲೆ ಆ ಎಣ್ಣೆಯನ್ನು ಏನು ಮಾಡೋದು? ಹೊರಗೆ ತಿನ್ನುವಾಗ ಬಾಣಲೆ ಕಡೆ ಒಮ್ಮೆ ಇಣುಕಿ. ಎಣ್ಣೆ ಕಪ್ಪಗಿದ್ದು ನೊರೆ ಕಟ್ಟುತ್ತಿದ್ದರೆ ಮುಂದಿನ ಅಂಗಡಿ ನೋಡಿಕೊಳ್ಳಿ.

ದೋಸೆಯನ್ನು ಪಾರ್ಸಲ್ ಮಾಡಿಸಬೇಡಿ. ಒಮ್ಮೆ ಮಳೆ ಅಂತ ಹತ್ತಿರದ ಒಂದು ಹೋಟೆಲಿಂದ ಪಾರ್ಸಲ್ ತಂದೆವು. ಪ್ಲಾಸ್ಟಿಕ್ ಹಾಳೆಯೊಳಗೆ ದೋಸೆ ಬೆವೆತು ಒದ್ದೆ ಟವೆಲಿನ ಹಾಗಾಗಿತ್ತು. ರಾತ್ರಿ ಎಂಟು ಗಂಟೆಗೆ ಕೊಟ್ಟ ಚಟ್ನಿ ಬೆಳಗಿನದಿರಬೇಕು, ಹುಳಿ ವಾಸನೆ. ಪಾರ್ಸಲ್ಲಿಗೆ ಇಡ್ಲಿ, ಖಾರಾಬಾತ್ ಸರಿ, ಅದೂ ನಿಮ್ಮದೇ ಸ್ಟೀಲ್ ಡಬ್ಬಿಗೆ. ತೆಂಗಿನಕಾಯಿ ಚಟ್ನಿಯನ್ನು ಮೂಸಿ ನೋಡಿ ಹಾಕಿಸಿಕೊಳ್ಳಿ, ನಾಚಿಕೆ ಬೇಡ.

ಚಳಿಗಾಲದಲ್ಲಿ ಮಾತ್ರ ನನ್ನ ಲೆಕ್ಕ ತಪ್ಪುತ್ತದೆ. ಗಾಂಧಿ ಬಜಾರಿನಲ್ಲಿ ಅವರೆಕಾಯಿ ರಾಶಿ ಬಿದ್ದರೆ ಎರಡು ಕೇಜಿಗೆ ಕಮ್ಮಿ ತರಲು ಮನಸ್ಸಾಗುವುದಿಲ್ಲ. ಕಾಯನ್ನು ಕೈಯಲ್ಲಿ ಉಜ್ಜಿ ಮೂಸಿ ತನ್ನಿ, ಸೊಗಡು ಅಂಗೈಗೆ ಅಂಟಬೇಕು. ಸುಲಿದ ಕಾಳನ್ನು ರಾತ್ರಿ ನೀರಿಗೆ ಹಾಕಿದರೆ ಬೆಳಿಗ್ಗೆ ಹಿತುಕುವುದು ಸುಲಭ. ಹಿತುಕುವ ಕೆಲಸ ನಮ್ಮನೆಯವರದು. ಬೇಳೆ ಚಿಮ್ಮಿ ಸೋಫಾ ಕೆಳಗೆ ಹೋಗುತ್ತದೆ, ಬಗ್ಗಲು ಆಗುವುದಿಲ್ಲ, "ಏನೇ, ಕಡ್ಡಿಪೊರಕೆ ಎಲ್ಲಿಟ್ಟೆ?" ಅಂತ ಕೂಗುತ್ತಾರೆ. ಸಂಕ್ರಾಂತಿ ಕಳೆದ ಮೇಲೂ ಅಲ್ಲಿಂದ ಒಣಗಿದ ಬೇಳೆ ಸಿಗುತ್ತಲೇ ಇರುತ್ತದೆ.