ಮೋಟಾರ್ ಯಾವಾಗ ನಿಲ್ಲಿಸಬೇಕು? ಹಿಪ್ಪುನೇರಳೆ ತೋಟದಲ್ಲಿ ಸೆನ್ಸರ್ ಹೂತ ನನ್ನ ಅನುಭವ

ಶಿಡ್ಲಘಟ್ಟದ ಕಡೆ ಬೋರ್‌ವೆಲ್ ನೀರನ್ನು ಯಾರೂ ಲೀಟರ್‌ನಲ್ಲಿ ಹೇಳುವುದಿಲ್ಲ. ಸಾವಿರದ ಇನ್ನೂರು ಅಡಿಗೆ ಒಂದೂವರೆ ಇಂಚು ಬಿತ್ತು, ಈಗ ಮುಕ್ಕಾಲು ಇಂಚಿಗೆ ಇಳಿದಿದೆ ಎನ್ನುತ್ತಾರೆ. ನಂದಿಬೆಟ್ಟದ ಸುತ್ತಮುತ್ತ ಪೆನ್ನಾರ್, ಪಾಲಾರ್, ಅರ್ಕಾವತಿ ಹುಟ್ಟಿದರೂ ವರ್ಷಪೂರ್ತಿ ಹರಿಯುವ ನದಿ ನಮ್ಮ ಜಿಲ್ಲೆಗಿಲ್ಲ. ರೇಷ್ಮೆ, ದ್ರಾಕ್ಷಿ, ಟೊಮೆಟೊ ಎಲ್ಲಕ್ಕೂ ಬಂಡೆ ಸೀಳಿನ ನೀರೇ ಗತಿ.

ನಾನು ಎಲೆಕ್ಟ್ರಾನಿಕ್ಸ್ ಓದಿದವನು. ಇಂಜಿನಿಯರಿಂಗ್ ಕೊನೆ ವರ್ಷದ ಪ್ರಾಜೆಕ್ಟಿಗೆ ನಾವು ಮೂವರು ಗೆಳೆಯರು ನಮ್ಮದೇ ತೋಟ ಆರಿಸಿಕೊಂಡೆವು. ಒಂದೆಕರೆ ವಿ-1 ತಳಿಯ ಹಿಪ್ಪುನೇರಳೆ, ಜೋಡಿ ಸಾಲು, ಡ್ರಿಪ್ ಇದೆ. ಡ್ರಿಪ್ ಇದ್ದರೂ ನೀರು ಪೋಲಾಗುತ್ತಿತ್ತು, ಕಾರಣ ಸ್ಟಾರ್ಟರ್‌ನಲ್ಲಿತ್ತು. ನಮ್ಮಲ್ಲಿ ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು, ಹೆಚ್ಚಾಗಿ ರಾತ್ರಿಯೇ. ಹಾಗಾಗಿ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿ ಮಲಗುತ್ತಾರೆ. ಕರೆಂಟ್ ಬಂದಾಗ ಮೋಟಾರ್ ಶುರು, ಹೋದಾಗ ಬಂದ್. ತೋಟಕ್ಕೆ ಎಷ್ಟು ನೀರು ಸಾಕು ಎಂದು ತೀರ್ಮಾನಿಸುವವರೇ ಇಲ್ಲ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತವಾದ್ದರಿಂದ ಬಿಲ್ಲಿನ ಭಯವೂ ಇಲ್ಲ.

ಮಣ್ಣಿನ ತೇವ ನೋಡಿ ಮೋಟಾರ್ ನಿಲ್ಲಿಸುವ ಒಂದು ಡಬ್ಬಿ ಮಾಡುವುದು ನಮ್ಮ ಯೋಚನೆ. ಮೊದಲ ಕೆಲಸ ತೇವ ಅಳೆಯುವ ಸೆನ್ಸರ್ ಆರಿಸುವುದು. ಎರಡು ಕಡ್ಡಿಯ ಅಗ್ಗದ ಸೆನ್ಸರ್ ಗೊಬ್ಬರದ ನೀರಿನಲ್ಲಿ ಬೇಗ ಸವೆದುಹೋಗುತ್ತದೆ. ಅದನ್ನು ಕೈಬಿಟ್ಟು, ಲೋಹ ಮಣ್ಣಿಗೆ ನೇರ ತಾಗದ ಕೆಪಾಸಿಟಿವ್ ಸೆನ್ಸರ್ ತಂದೆವು. ಇದರ ಪಿಸಿಬಿ, ಅಂದರೆ ಸರ್ಕಿಟ್ ಹಲಗೆಯ ಅಂಚಿನಿಂದ ತೇವ ಒಳಗೆ ನುಗ್ಗುತ್ತದೆ, ಹಾಗಾಗಿ ಅಂಚಿಗೂ ಮೇಲಿನ ಬಿಡಿಭಾಗಗಳಿಗೂ ಎಪಾಕ್ಸಿ ಅಂಟು ಬಳಿದೆವು. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಪುಟ್ಟ ಸೋಲಾರ್ ಪ್ಯಾನೆಲ್, ಒಂದು ಲಿಥಿಯಂ ಸೆಲ್ ಜೋಡಿಸಿದ್ದಾಯಿತು. ತೋಟದಲ್ಲಿ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಮೋಟಾರ್ ಮನೆಗೆ ಸುದ್ದಿ ಮುಟ್ಟಿಸಲು, ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಕಳಿಸಬಲ್ಲ ಲೋರಾ ರೇಡಿಯೋ ಹಾಕಿದೆವು. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ಬಳಸಲು ಲೈಸೆನ್ಸ್ ಬೇಡ.

ಇಷ್ಟನ್ನು ಯಾವ ವಿದ್ಯಾರ್ಥಿಯೂ ಮಾಡಬಲ್ಲ. ನಿಜವಾದ ಕೆಲಸ ಮಣ್ಣಿನಲ್ಲಿತ್ತು. ಸೆನ್ಸರ್ ಕೊಡುವುದು ಬರೀ ವೋಲ್ಟೇಜು, ತೇವ ಹೆಚ್ಚಿದಂತೆ ಅದು ಇಳಿಯುತ್ತದೆ. ನಮ್ಮ ಕೆಮ್ಮಣ್ಣಿನಲ್ಲಿ ಯಾವ ವೋಲ್ಟೇಜಿಗೆ ಎಷ್ಟು ತೇವ ಎಂಬುದನ್ನು ನಾವೇ ಕಂಡುಕೊಳ್ಳಬೇಕು. ನೀರು ಬಿಟ್ಟ ಮಾರನೇ ದಿನ, ಅದರ ಮಾರನೇ ದಿನ, ಹೀಗೆ ಬೇರೆಬೇರೆ ಹದದಲ್ಲಿ ಸೆನ್ಸರ್ ಪಕ್ಕದ ಮಣ್ಣನ್ನು ಡಬ್ಬಿಗೆ ತುಂಬಿ, ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ, ಪರಿಚಿತರ ಲ್ಯಾಬಿನ ಓವನ್‌ನಲ್ಲಿ 105 ಡಿಗ್ರಿಗೆ 24 ಗಂಟೆ ಒಣಗಿಸಿ ಮತ್ತೆ ತೂಗಿದೆವು. ಕಡಿಮೆಯಾದ ತೂಕವೇ ನೀರು. ಅದೇ ತೋಟದ ಇಳಿಜಾರಿನ ಕೆಳತುದಿಯಲ್ಲಿ ಗೋಡುಮಣ್ಣು ಸೇರಿಕೊಂಡಿದೆ, ಅಲ್ಲಿನ ಲೆಕ್ಕವೇ ಬೇರೆ ಬಂತು. ಅಂತರ್ಜಾಲದಲ್ಲಿ ಸಿಕ್ಕ ಕೋಷ್ಟಕವನ್ನು ಹಾಗೇ ಹಾಕಿಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಮೊದಲು ನಿಮ್ಮ ಮಣ್ಣು ತೂಗಿ.

ಅಪ್ಪ ಈ ಅಂಕಿಗಳನ್ನು ನಂಬಲಿಲ್ಲ. ಅವರದು ಮುಷ್ಟಿಯ ಪರೀಕ್ಷೆ. ಒಂದು ಹಿಡಿ ಮಣ್ಣು ಅಮುಕಿ ಬಿಡುವುದು. ಉಂಡೆ ನಿಂತರೆ ನೀರು ಬೇಡ, ಬಿರಿದರೆ ನಾಳೆ ಬಿಡಬಹುದು, ಪುಡಿಯಾದರೆ ಇವತ್ತೇ ಬಿಡಬೇಕು. ನಾವು ಅದನ್ನೇ ದಾಖಲೆ ಮಾಡಿಕೊಂಡೆವು. ಅವರು ಅಮುಕಿ ಹೇಳಿದ ಮಾತನ್ನು ಒಂದು ಕಡೆ, ಸೆನ್ಸರ್ ರೀಡಿಂಗನ್ನು ಇನ್ನೊಂದು ಕಡೆ ಬರೆದೆವು. ಸುಮಾರಾಗಿ ಎರಡೂ ಹೊಂದಿದವು. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಶೋಧನಾ ಸಂಸ್ಥೆಯ ವಿಜ್ಞಾನಿ ರಿಚರ್ಡ್ ಸ್ಟಿರ್‌ಜಾಕರ್ ಆಫ್ರಿಕಾದ ಸಣ್ಣ ರೈತರಿಗೆ ಮಣ್ಣಿನ ತೇವವನ್ನು ನೀಲಿ, ಹಸಿರು, ಕೆಂಪು ದೀಪಗಳಲ್ಲೇ ತೋರಿಸಿದ್ದನ್ನು ಓದಿದ್ದೆ. ನಾವೂ ಅಂಕಿ ತೆಗೆದು ಮೋಟಾರ್ ಮನೆಯ ಗೋಡೆಗೆ ಮೂರು ದೀಪ ಹಾಕಿದೆವು: ನೀಲಿ ಎಂದರೆ ಹಸಿ, ಹಸಿರು ಎಂದರೆ ಹದ, ಕೆಂಪು ಎಂದರೆ ಒಣ. ಆಮೇಲಿಂದ ಅಪ್ಪ ದಿನಾ ಬೆಳಿಗ್ಗೆ ಕೇಳುವುದೇ "ದೀಪ ಏನಂತೈತೆ?" ಎಂದು.

ಒಂದೇ ಸೆನ್ಸರ್ ಇದ್ದಾಗ ಯಾವಾಗ ನೀರು ಬಿಡಬೇಕು ಎಂಬುದು ಗೊತ್ತಾಗುತ್ತಿತ್ತು. ಯಾವಾಗ ನಿಲ್ಲಿಸಬೇಕು ಎಂಬುದನ್ನು ಹೇಳಲು ಎರಡನೆಯದು ಬೇಕಾಯಿತು. ಸಾಲಿನ ಪಕ್ಕ ಗುಂಡಿ ತೆಗೆದು, ಸಣ್ಣ ಬೇರುಗಳು ಎಲ್ಲಿಯವರೆಗೆ ದಟ್ಟವಾಗಿವೆ ನೋಡಿ, ಅದರ ಕೆಳಗೆ ಇನ್ನೊಂದು ಸೆನ್ಸರ್ ಹೂತೆವು. ಅಲ್ಲಿಗೆ ನೀರು ಮುಟ್ಟಿತೆಂದರೆ ಬೇರಿಗೆ ಸಿಗದೆ ಕೆಳಗೆ ಜಾರುತ್ತಿದೆ ಎಂದರ್ಥ. ಮೇಲಿನ ಮಣ್ಣಿನ ನೀರು ಮೋಟಾರ್ ನಿಂತ ಮೇಲೂ ಇಳಿಯುತ್ತಲೇ ಇರುತ್ತದೆ, ಆದ್ದರಿಂದ ಕೆಳಗಿನ ಸೆನ್ಸರ್ ಸ್ವಲ್ಪ ಮಿಸುಕಿದರೂ ಸಾಕು, ನಿಲ್ಲಿಸಬೇಕು. ಸ್ಟಾರ್ಟರ್‌ನ ಸ್ಟಾಪ್ ಬಟನ್ ಸರ್ಕಿಟ್‌ನಲ್ಲಿ ಒಂದು ರಿಲೇ, ಅಂದರೆ ಡಬ್ಬಿ ಹೇಳಿದಾಗ ತಾನೇ ತೆರೆದುಕೊಳ್ಳುವ ಸ್ವಿಚ್, ಸೇರಿಸಿದೆವು. ಅದು ತೆರೆದರೆ ಮೋಟಾರ್ ನಿಲ್ಲುತ್ತದೆ. ನಮ್ಮ ಡಬ್ಬಿ ಕೆಟ್ಟರೆ ರಿಲೇ ಮುಚ್ಚಿಕೊಂಡೇ ಇರುತ್ತದೆ, ಮೋಟಾರ್ ಎಂದಿನಂತೆ ಓಡುತ್ತದೆ. ರೇಷ್ಮೆಹುಳು ಸಾಕಣೆ ನಡೆದಿರುವಾಗ ಯಂತ್ರ ಕೈಕೊಟ್ಟು ತೋಟ ಒಣಗಿತು ಎಂದಾಗಬಾರದು.

ಹುಳುವಿನ ಮಾತು ಬಂತು, ಅದನ್ನೂ ಹೇಳಬೇಕು. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ಹಂತ, ಎದ್ದ ಮೇಲೆಯೇ ತಿನ್ನುತ್ತದೆ. ಆಗ ಸೊಪ್ಪು ಬಾಡಿದರೆ ಗೂಡು ಸಣ್ಣದಾಗುತ್ತದೆ. ಹಾಗಾಗಿ ನಮ್ಮ ಕೆಂಪು ದೀಪದ ಮಿತಿ ಬೆಳೆಯ ಜೊತೆ ಬದಲಾಗುತ್ತದೆ: ಸೊಪ್ಪು ಕಟಾವಾದ ಹೊಸದರಲ್ಲಿ ಸಡಿಲ, ಹುಳು ದೊಡ್ಡದಾಗುವ ಹೊತ್ತಿಗೆ ಬಿಗಿ. ಇದನ್ನು ಕಲಿಸಿದ್ದು ಅಮ್ಮ. ಹುಳು ಮನೆ ಅವರದೇ ಜವಾಬ್ದಾರಿ.

ಮೊದಲು ಕರೆಂಟ್ ಇರುವಷ್ಟೂ ಹೊತ್ತು ಓಡುತ್ತಿದ್ದ ಮೋಟಾರ್ ಈಗ ಅದರ ಅರ್ಧ ಹೊತ್ತು ಓಡುತ್ತದೆ. ಸೊಪ್ಪು ಕಡಿಮೆಯಾಗಿಲ್ಲ. ಇದನ್ನು ನೋಡಿ ಚಿಕ್ಕಪ್ಪನೂ ಪಕ್ಕದ ತೋಟದವರೂ ಹಾಕಿಸಿಕೊಂಡರು. ಉಳಿದ ನೀರನ್ನು ಪಕ್ಕದ ತೋಟದವರು ಏನು ಮಾಡಿದರು? ಬೀಳುಬಿಟ್ಟಿದ್ದ ಅರ್ಧ ಎಕರೆಗೆ ಟೊಮೆಟೊ ನಾಟಿ ಹಾಕಿದರು. ಅವರ ದೃಷ್ಟಿಯಿಂದ ಅದು ಸರಿ, ಅವರಿಗೂ ಮಕ್ಕಳ ಫೀಸ್ ಕಟ್ಟಬೇಕು. ಆದರೆ ಬಂಡೆಯ ಸೀಳಿನಲ್ಲಿ ಒಂದು ಹನಿಯೂ ಉಳಿಯಲಿಲ್ಲ. ತೋಟಕ್ಕೆ ಬೇಕಾದ ನೀರು ಕಡಿಮೆಯಾದ ಮಾತ್ರಕ್ಕೆ ಅಂತರ್ಜಲ ಉಳಿಯುವುದಿಲ್ಲ. ಯುವಜನರ ತಂತ್ರಜ್ಞಾನ, ಸುಸ್ಥಿರತೆ ಎಂದು ವೇದಿಕೆಗಳಲ್ಲಿ ಮಾತಾಡುವಾಗ ಈ ಭಾಗ ಬಿಟ್ಟುಹೋಗುತ್ತದೆ. ನನಗೆ ಈಗ ಇದೇ ಮುಖ್ಯ ಅನಿಸಿದೆ.

ಗಡಿಯಾಚೆಯ ಅನಂತಪುರ, ಚಿತ್ತೂರು ಜಿಲ್ಲೆಗಳಲ್ಲಿ ಎರಡು ದಶಕದ ಹಿಂದೆಯೇ ರೈತರು ಬೋರ್‌ವೆಲ್ ಮಟ್ಟವನ್ನು ತಾವೇ ಅಳೆದು, ಒಟ್ಟಿಗೆ ಕೂತು, ಇರುವ ನೀರಿಗೆ ಯಾವ ಬೆಳೆ ಎಂದು ಲೆಕ್ಕ ಹಾಕುತ್ತಿದ್ದರು. ಅದನ್ನು ಓದಿ ನಮ್ಮ ಡಬ್ಬಿಗೆ ಮೋಟಾರ್ ಓಡಿದ ಗಂಟೆ ಎಣಿಸುವ ವ್ಯವಸ್ಥೆ ಸೇರಿಸಿದೆವು. ವಾರಕ್ಕೊಮ್ಮೆ ಆ ಗಂಟೆಗಳನ್ನು ಹಾಲಿನ ಡೈರಿ ಮುಂದಿನ ಬೋರ್ಡಿನಲ್ಲಿ ಸೀಮೆಸುಣ್ಣದಲ್ಲಿ ಬರೆಯುತ್ತೇವೆ, ಒಪ್ಪಿದವರದ್ದು ಮಾತ್ರ. ಬೆಳಿಗ್ಗೆ ಹಾಲು ಹಾಕಲು ಬಂದವರು ನಿಂತು ಓದುತ್ತಾರೆ. ಮೊನ್ನೆ ಪಕ್ಕದ ತೋಟದವರೇ ಕೇಳಿದರು: "ಬೇಸಿಗೆಗೆ ಟೊಮೆಟೊ ಹಾಕೋಕ್ ಮುಂಚೆ ಒಂದ್ಸಲ ಲೆಕ್ಕ ನೋಡೋಣೇನಪ್ಪ?" ಸಂಕ್ರಾಂತಿ ಕಳೆದ ಮೇಲೆ ಕೂರುವುದೆಂದು ಮಾತಾಗಿದೆ. ಅಷ್ಟರೊಳಗೆ ನಾಲ್ಕು ಬೋರ್‌ವೆಲ್‌ಗಳ ನೀರಿನ ಮಟ್ಟ ಅಳೆದು ಇಟ್ಟುಕೊಳ್ಳಬೇಕು.